ಒಂಬತ್ತನೇ ಪಾಠ

ಹಿಂದಿನ ಬೆಂಚಿನಲ್ಲಿ ಕೂತ ಕೂಡಲೇ ಎರಡೂ ಮೊಣಕಾಲು ಮೇಜಿನ ಅಡಿಗೆ ತಗುಲಿಕೊಂಡವು. ಹದಿಮೂರು ವರ್ಷದ ಮಕ್ಕಳ ಅಳತೆಗೆ ಮಾಡಿಸಿದ ಬೆಂಚು ಅದು. ನಲವತ್ತೇಳರ ಹೆಂಗಸು ಅದರಲ್ಲಿ ಮಾನವಾಗಿ ಕೂರುವುದು ಹೇಗೆಂದು ಅವಳಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದು ಒಂದೇ ಮಾತು, ಪಾಠ ನಡೆಸುವವರಿಗೆ ಮೊದಲೇ ಹೇಳಿಬಿಡಬೇಕಾದ ಮಾತು: ನನ್ನನ್ನು ಇಲ್ಲವೆಂದೇ ಅಂದುಕೊಳ್ಳಿ. ಅದನ್ನು ಅವಳು ಈ ಸಲವೂ ನಗುನಗುತ್ತ ಹೇಳಿದ್ದಳು. ಡ್ರಿಲ್ ಮೇಷ್ಟ್ರು ಆಗಲಿ ಮೇಡಂ ಎಂದು ತಲೆಯಾಡಿಸಿ, ಸೀದಾ ಗೋಡೆಯ ಹತ್ತಿರ ಹೋಗಿ, ಹಿಂದಿನ ಸಾಲಿನ ಮೇಲಿದ್ದ ಫ್ಯಾನನ್ನು ಆರಿಸಿದರು. ಆ ಸಾಲಿನಲ್ಲಿ ಯಾರೂ ಕೂರುವುದಿಲ್ಲವಂತೆ, ದಿನವೂ ಆರಿಸುತ್ತಾರಂತೆ, ಆಮೇಲೆ ತಿಳಿಯಿತು. ಆ ಹೊತ್ತಿಗೆ ಮಾತ್ರ ಅದು ಮರೆವೋ ಕುಚೋದ್ಯವೋ ಗೊತ್ತಾಗದೆ ಅವಳು ಕೊರಳ ಬೆವರು ಒರೆಸಿಕೊಂಡಳು. ಇಲ್ಲದವಳು ಎದ್ದು ನಿಂತು ಫ್ಯಾನು ಹಾಕಿ ಎನ್ನುವುದು ಹೇಗೆ?

ಮೇಷ್ಟ್ರ ಕೊರಳಲ್ಲಿ ಸೀಟಿ ತೂಗುತ್ತಿತ್ತು. ಅಂಗಳದಲ್ಲಿ ಸರಿ, ಈ ತರಗತಿಗೂ ಅದನ್ನು ಹಾಕಿಕೊಂಡೇ ಬರುತ್ತಾರೆಂದು ಮಕ್ಕಳು ಅವರನ್ನು ಸೀಟಿ ಸಾರ್ ಎನ್ನುತ್ತಿದ್ದರು. ಕಪ್ಪುಹಲಗೆಯ ಮೇಲೆ ದಪ್ಪಕ್ಷರದಲ್ಲಿ ಒಂಬತ್ತನೇ ಪಾಠ ಎಂದು ಬರೆದು ಕೆಳಗೊಂದು ಗೆರೆ ಎಳೆದರು. ಅವಳ ಎದೆ ಹೊಡೆದುಕೊಂಡಿತು. ಪರೀಕ್ಷೆ ಬರೆಯುವ ಹುಡುಗಿಗೆ ಹೊಡೆದುಕೊಳ್ಳುವ ಹಾಗೆ ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳಲು ನೋಡಿದಳು. ಎದೆ ಕೇಳಲಿಲ್ಲ. ಈ ಪಾಠವನ್ನು ಯಾರಾದರೂ ನಡೆಸುವುದನ್ನು ಕಣ್ಣಾರೆ ನೋಡಬೇಕೆಂದು ಅವಳು ಎಷ್ಟು ವರ್ಷದಿಂದ ಕಾದಿದ್ದಳೆಂದು ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಕೆಲಸದ ಮಟ್ಟಿಗೆ ನೋಡಿದರೆ ಇದೊಂದು ಮಾಮೂಲಿ ಭೇಟಿ. ವಾರಕ್ಕೊಮ್ಮೆ, ಬುಧವಾರ, ನಲವತ್ತು ನಿಮಿಷ, ಒಟ್ಟು ಹದಿನಾರು ಪಾಠ. ಬೆಳೆಯುವ ಮಕ್ಕಳಿಗೆ ಧೈರ್ಯ ಬರಬೇಕು, ಮಾತು ಬರಬೇಕು, ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವುದು ಬರಬೇಕು ಎಂದು ಹನ್ನೆರಡು ಶಾಲೆಗಳಲ್ಲಿ ಈ ಕಾರ್ಯಕ್ರಮ ನಡೆಯುತ್ತಿತ್ತು. ನಡೆಸುವವರು ಆಯಾ ಶಾಲೆಯ ಮೇಷ್ಟ್ರುಗಳೇ. ಕೈಪಿಡಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಮಾಡುತ್ತಾರೋ ಇಲ್ಲವೋ, ಅವರಿಗೇ ಅದರಲ್ಲಿ ನಂಬಿಕೆ ಇದೆಯೋ ಇಲ್ಲವೋ ನೋಡಿ, ಕೇಳಿ, ಒಂದರಿಂದ ಐದರ ತನಕ ಅಂಕ ಹಾಕುವುದು ಅವಳ ಕೆಲಸ. ಶುಕ್ರವಾರ ವರದಿ ಕೊಡಬೇಕಿತ್ತು. ಅರ್ಧಕ್ಕಿಂತ ಕಡಿಮೆ ಜನ ನಡೆಸುವ ಪಾಠಗಳನ್ನು ಮುಂದಿನ ವರ್ಷದಿಂದ ಕೈಬಿಡುವುದೆಂದು ಸಭೆಯಲ್ಲಿ ತೀರ್ಮಾನವಾಗಿತ್ತು. ಹನ್ನೊಂದು ಶಾಲೆಗಳಲ್ಲಿ ಒಂಬತ್ತನೆಯದನ್ನು ಯಾರೂ ಮುಟ್ಟಿರಲಿಲ್ಲ. ಎಂಟು ಮುಗಿಸಿ ಹತ್ತಕ್ಕೆ ಹಾರುತ್ತೇವೆ ಎಂದು ಒಬ್ಬರು ನಗುತ್ತ ಹೇಳಿದ್ದರು. ಇನ್ನೊಬ್ಬರು ಪುಟ ಹರಿದುಹೋಗಿದೆ ಎಂದು ಸುಳ್ಳು ಹೇಳಿದ್ದರು. ಪುಟ ಅವರ ಮೇಜಿನ ಮೇಲೆ, ಲೋಟದ ಕೆಳಗೆ ಇತ್ತು. ಈ ಶಾಲೆಯ ದಾಖಲೆಯಲ್ಲಿ ಮಾತ್ರ ನಾಲ್ಕು ವರ್ಷವೂ ಒಂಬತ್ತನೇ ಪಾಠದ ಮುಂದೆ ಪೂರ್ಣ ಎಂದಿತ್ತು. ಪಕ್ಕದಲ್ಲಿ ಗುಂಡಾದ ಅಕ್ಷರಗಳಲ್ಲಿ, ಮಕ್ಕಳು ಚೆನ್ನಾಗಿ ಹೇಳಿದರು. ಈ ಶಾಲೆ ಸಹೋದ್ಯೋಗಿಯೊಬ್ಬನ ಪಾಲಿಗೆ ಬಂದಿದ್ದನ್ನು ಅವಳು ಕಾಡಿ ಬೇಡಿ ತನಗೆ ಬದಲಾಯಿಸಿಕೊಂಡಿದ್ದಳು. ಆ ಪಾಠ ಬರೆದವಳು ತಾನು ಎಂದು ಅವನಿಗೆ ಹೇಳಿರಲಿಲ್ಲ. ಕೈಪಿಡಿಯ ಮೇಲೆ ಯಾರ ಹೆಸರೂ ಇರಲಿಲ್ಲ.

ಮಾತಾಡುವುದನ್ನು ಬರೆದಿಟ್ಟವಳಿಗೆ ಮನೆಯಲ್ಲಿ ಮಾತಿಗೇ ಬರ. ಬೆಳಿಗ್ಗೆ ಮಗ ತಟ್ಟೆಯ ಮುಂದೆ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಏನಾಯಿತೆಂದು ನೇರವಾಗಿ ಕೇಳಬಾರದು, ಕಂಡದ್ದನ್ನಷ್ಟೇ ಹೇಳಿ ಸುಮ್ಮನಾಗಬೇಕು ಎಂದು ಕೈಪಿಡಿಯಲ್ಲಿತ್ತು. ಅವಳೂ ಹಾಗೆಯೇ, ನೀನು ಇವತ್ತು ಸುಮ್ಮನಿದ್ದೀಯ ಅನ್ನಿಸ್ತಿದೆ ಎಂದಳು. ಅವನು ತಲೆಯೆತ್ತದೆ, "ಅಮ್ಮಾ, ಮೂರನೇ ಪಾಠ ಶುರು ಮಾಡ್ಬೇಡ ಪ್ಲೀಸ್" ಎಂದ. ಗಂಡ ಪೇಪರಿನ ಹಿಂದೆ ಕಿಸಕ್ಕೆಂದು ನಕ್ಕು, ತನಗೆ ಇವತ್ತು ಐದಕ್ಕೆ ಎಷ್ಟು ಎಂದು ವಿಚಾರಿಸಿದ. ನಗಬೇಕಾದ ಮಾತೇ. ಅವಳೂ ನಕ್ಕಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೆ ಮಾತ್ರ ಕಣ್ಣು ತುಂಬಿ ಬಂದು ತಾನೇ ಕಕ್ಕಾಬಿಕ್ಕಿಯಾದಳು. ಒಂದು ಕಾಲದಲ್ಲಿ ಇಪ್ಪತ್ತಾರು ಮಕ್ಕಳು ಅವಳ ಮುಂದೆ ಬಾಯಿ ಬಿಟ್ಟಿದ್ದರು, ಯಾವ ಪಾಠವನ್ನೂ ಓದದೆ. ಹೇಳಿದರೆ ನಂಬುವವರಿಲ್ಲ. ಈಚೀಚೆಗೆ ಅವಳಿಗೇ ನಂಬಿಕೆ ಸಡಿಲವಾಗುತ್ತಿತ್ತು.

ಹತ್ತೊಂಬತ್ತು ವರ್ಷದ ಹಿಂದೆ, ಇಂಥದೇ ಕೋಣೆ. ಗೋಡೆಯ ಸುಣ್ಣ ಇಲ್ಲಿಯಂತೆಯೇ ಬೆನ್ನು ತಾಗುವ ಎತ್ತರಕ್ಕೆ ಎದ್ದುಹೋಗಿತ್ತು. ಆಗ ಅವಳು ಮಾಡಬೇಕಿದ್ದುದು ಗುರಿಗಳ ಬಗ್ಗೆ ಏನೋ ಒಂದು ಪಾಠ, ದೊಡ್ಡವರಾದ ಮೇಲೆ ಏನಾಗುತ್ತೀರಿ ಎನ್ನುವಂಥದ್ದು. ಕರೆಂಟು ಹೋಗಿ ಸೆಖೆಗೆ ಯಾರಿಗೂ ಏನೂ ಬೇಡವಾಗಿತ್ತು. ಮೂರನೇ ಬೆಂಚಿನ ಸಣಕಲು ಹುಡುಗಿಯೊಬ್ಬಳು, ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವೇ ಇಲ್ಲದೆ, ಎದ್ದೂ ನಿಲ್ಲದೆ, ಮೇಜಿನ ಮೇಲಿನ ಗೀರನ್ನು ಉಗುರಿನಿಂದ ಕೆರೆಯುತ್ತ ಹೇಳತೊಡಗಿದಳು. ಅವಳಣ್ಣ ಮನೆ ಬಿಟ್ಟುಹೋಗಿ ಎಂಟು ತಿಂಗಳಾಗಿತ್ತಂತೆ. ಹಾಳಾದವನು ಬಚ್ಚಲಿಗೆ ಹೋದರೆ ಹಾಡುತ್ತ ನಿಂತುಬಿಡುತ್ತಿದ್ದ, ಸ್ಕೂಲಿಗೆ ಹೊತ್ತಾಯ್ತೆಂದು ಇವಳು ದಬದಬ ಬಾಗಿಲು ಬಡಿಯುತ್ತಿದ್ದಳು. ಈಗ ಬಚ್ಚಲು ಖಾಲಿ. ಆದರೂ ನಾನು ಒಂದ್ಸಲ ಬಾಗಿಲು ಬಡಿದೇ ಒಳಗೆ ಹೋಗೋದು ಮಿಸ್, ಅಂದಳು. ಅಷ್ಟೇ. ಯಾರೂ ನಗಲಿಲ್ಲ, ಯಾರೂ ಅಯ್ಯೋ ಅನ್ನಲಿಲ್ಲ. ಏನು ಹೇಳಬೇಕೋ ತೋಚದೆ, ಪಾಠ ಮಾಡುತ್ತ ಮುಂದೆ ನಿಂತಿದ್ದ ಅವಳು ಗೋಡೆ ಗಡಿಯಾರ ನೋಡಿದಳು. ಮತ್ತೆ ನೋಡಿದಾಗ ಮೂರು ನಿಮಿಷ ಕಳೆದಿತ್ತು. ಆಮೇಲೆ ಕಿಟಕಿ ಪಕ್ಕದ ಹುಡುಗ ತನ್ನ ಅಜ್ಜಿಯ ಮಾತೆತ್ತಿದ, ಆಮೇಲೆ ಇನ್ನೊಬ್ಬಳು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಅವತ್ತು ಮನೆಗೆ ನಡೆದುಕೊಂಡು ಹೋಗುವಾಗ ಅವಳಿಗೆ ತನ್ನ ಜನ್ಮ ಸಾರ್ಥಕವಾಯಿತು ಎನ್ನಿಸಿಬಿಟ್ಟಿತ್ತು. ಇಪ್ಪತ್ತೆಂಟನೇ ವಯಸ್ಸಿಗೇ ಹಾಗೆ ಅನ್ನಿಸಬಾರದು. ಮುಂದಿನದೆಲ್ಲ ಉಳಿಕೆ ದಿನಗಳಾಗಿಬಿಡುತ್ತವೆ.

ಎರಡು ತಿಂಗಳಿಗೆ ಅವಳನ್ನು ಮುಖ್ಯ ಆಫೀಸಿಗೆ ಕರೆಸಿಕೊಂಡರು, ಕೈಪಿಡಿ ಬರೆಯಲು. ಅವಳು ಬರೆದಳು. ಮಕ್ಕಳು ತಾವು ಕಳೆದುಕೊಂಡವರ ಬಗ್ಗೆ ಹೇಳಲಿ. ಹೇಳಿದ ಮೇಲೆ ಮೂರು ನಿಮಿಷ ಮೌನವಾಗಿರಿ. ಗಡಿಯಾರದಲ್ಲಿ ಆಕಸ್ಮಿಕವಾಗಿ ಕಂಡ ಮೂರು ನಿಮಿಷ ಅಚ್ಚಾಗಿ ನಿಯಮವಾಯಿತು. ಮಾದರಿ ಎಂಬ ತಲೆಬರಹದ ಕೆಳಗೆ ಹುಡುಗಿಯ ಮಾತನ್ನೇ ಹಾಕಿದಳು. ಸಮಿತಿಯವರು ಹಾಳಾದವನು ಎಂಬುದನ್ನು ತೆಗೆದರು, ಬಚ್ಚಲನ್ನು ಸ್ನಾನಗೃಹ ಮಾಡಿದರು. ಹುಡುಗಿಯನ್ನು ಒಂದು ಮಾತು ಕೇಳಬೇಕಿತ್ತು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಬರೆದವಳಿಗೆ ಹೊಳೆದಿತ್ತು. ಹೊಳೆದದ್ದನ್ನು ಕೆಲಸದ ಗಡಿಬಿಡಿಯಲ್ಲಿ ಪಕ್ಕಕ್ಕಿಟ್ಟಳು, ಇಟ್ಟ ಜಾಗ ಮಾತ್ರ ಮರೆಯಲಿಲ್ಲ.

"ಯಾರು ಮೊದಲು?" ಎಂದರು ಸೀಟಿ ಮೇಷ್ಟ್ರು. ಅವಳು ಬೆಚ್ಚಿ ಪೆನ್ನು ಹಿಡಿದಳು. ಪ್ರತಿ ನಿಮಿಷಕ್ಕೊಮ್ಮೆ, ಆ ಹೊತ್ತಿಗೆ ಮಾತಾಡುತ್ತಿರುವವರು ಮೇಷ್ಟ್ರೋ ಮಕ್ಕಳೋ ಎಂದು ಆಫೀಸಿನ ಪಟ್ಟಿಯಲ್ಲಿ ಗೀಟು ಹಾಕಬೇಕು. ಮೂರನೇ ಬೆಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಮೂರನೇ ಬೆಂಚು ಎಂಬುದನ್ನು ಗಮನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ನಾಚಿಕೆಯಾಯಿತು. ಹುಡುಗಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಲ್ಲ ಮೇಲೆತ್ತಿ ಶುರುಮಾಡಿದಳು.

"ನನ್ನ ಅಣ್ಣನು ಮನೆಯನ್ನು ಬಿಟ್ಟು ಹೋಗಿ ಎಂಟು ತಿಂಗಳಾಯಿತು. ಅವನು ಸ್ನಾನಗೃಹದಲ್ಲಿ ಹಾಡುತ್ತಿದ್ದನು. ನಾನು ಬಾಗಿಲನ್ನು ಬಡಿಯುತ್ತಿದ್ದೆನು. ಈಗ ಸ್ನಾನಗೃಹವು ಖಾಲಿಯಾಗಿರುತ್ತದೆ. ಆದರೂ ನಾನು ಬಾಗಿಲನ್ನು ಬಡಿದೇ ಒಳಗೆ ಹೋಗುತ್ತೇನೆ."

ಒಂದಕ್ಷರ ತಪ್ಪಲಿಲ್ಲ. ಮೇಷ್ಟ್ರು ಭೇಷ್ ಎಂದು, ನೆಕ್ಸ್ಟ್ ಎಂದರು. ಪಕ್ಕದ ಹುಡುಗ ಎದ್ದ. ಅವನ ಅಣ್ಣನೂ ಮನೆಯನ್ನು ಬಿಟ್ಟು ಹೋಗಿ ಎಂಟು ತಿಂಗಳಾಗಿತ್ತು. ಅವನ ಹಿಂದಿನವನದೂ ಅಷ್ಟೇ. ಮೂವತ್ತೊಂದು ಮಕ್ಕಳಿದ್ದರು, ಮೂವತ್ತೊಂದು ಅಣ್ಣಂದಿರು ಒಬ್ಬರ ಹಿಂದೊಬ್ಬರು ಮನೆ ಬಿಟ್ಟುಹೋದರು. ಸ್ನಾನಗೃಹಗಳು ಸಾಲಾಗಿ ಖಾಲಿಯಾದವು. ಒಬ್ಬ ಎಂಟು ತಿಂಗಳನ್ನು ಎಂಟು ವರ್ಷ ಮಾಡಿ ಬೈಸಿಕೊಂಡ. ಇನ್ನೊಬ್ಬಳು ಬಾಗಿಲಿನ ಸಾಲಿಗೆ ಬಂದು ತೊದಲಿ, ಮತ್ತೆ ಮೊದಲಿಂದ ಶುರುಮಾಡಿ, ಮತ್ತೆ ಅಲ್ಲಿಗೇ ಬಂದು ನಿಂತುಬಿಟ್ಟಳು. ಮೇಷ್ಟ್ರು ಬೈಯಲಿಲ್ಲ, ಕೂತ್ಕೊ ಎಂದು ಕೈಯಲ್ಲಿದ್ದ ಚೀಟಿಯಲ್ಲಿ ಏನೋ ಗುರುತು ಮಾಡಿಕೊಂಡರು. ಅವಳು ಗೀಟು ಹಾಕುತ್ತಲೇ ಇದ್ದಳು. ಮಕ್ಕಳು, ಮಕ್ಕಳು, ಮಕ್ಕಳು. ಪಟ್ಟಿಯ ಪ್ರಕಾರ ಇಷ್ಟು ಒಳ್ಳೆಯ ತರಗತಿಯನ್ನು ಅವಳು ಈ ವರ್ಷ ನೋಡಿರಲಿಲ್ಲ. ಮಕ್ಕಳೇ ಮಾತಾಡುತ್ತಿದ್ದರು, ಪ್ರತಿಯೊಬ್ಬರೂ, ಸರದಿ ತಪ್ಪದೆ. ಮೊದಮೊದಲು ನಗು ಬಂದಿತ್ತು. ಹತ್ತನೇ ಅಣ್ಣನ ಹೊತ್ತಿಗೆ ಸಿಟ್ಟು ಬಂತು, ನಾಲ್ಕು ವರ್ಷ ಇದನ್ನೇ ಪೂರ್ಣ ಎಂದು ಬರೆದು ಆಫೀಸಿನ ಕಣ್ಣಿಗೆ ಮಣ್ಣೆರಚಿದ್ದಾರಲ್ಲ ಎಂದು. ಇಪ್ಪತ್ತು ದಾಟಿದ ಮೇಲೆ ಸಿಟ್ಟೂ ಉಳಿಯಲಿಲ್ಲ. ಯಾವುದೋ ಬಚ್ಚಲ ಬಾಗಿಲನ್ನು ಮೂವತ್ತೊಂದು ಕೈಗಳು ಬಡಿಯುತ್ತಿವೆ, ಆ ಬಾಗಿಲಿಗೆ ಇವರನ್ನೆಲ್ಲ ಕರೆತಂದು ನಿಲ್ಲಿಸಿದವಳು ತಾನು. ಆ ಸಣಕಲು ಹುಡುಗಿಗೆ ಈಗ ಮೂವತ್ತೆರಡೋ ಮೂವತ್ಮೂರೋ. ಅವಳ ಮಗುವೇ ಯಾವುದೋ ಶಾಲೆಯಲ್ಲಿ ಎದ್ದು ನಿಂತು ಇದನ್ನು ಒಪ್ಪಿಸುತ್ತಿದ್ದರೆ? ಮನೆಗೆ ಹೋಗಿ, ಅಮ್ಮಾ ಕೇಳು ಎಂದು ಅವಳೆದುರಿಗೇ ಒಪ್ಪಿಸಿದರೆ? ಹಿಂದಿನ ಬೆಂಚಿನಲ್ಲಿದ್ದವಳಿಗೆ ಎದ್ದು ಹೊರಗೆ ಹೋಗಬೇಕೆನ್ನಿಸಿತು. ಮೊಣಕಾಲು ಸಿಕ್ಕಿಹಾಕಿಕೊಂಡಿದ್ದವು.

ಕೊನೆಗೆ ಮೇಷ್ಟ್ರು ಈಗ ಮೌನ ಎಂದು ಸೀಟಿ ಊದಿದರು. ಮೂರು ನಿಮಿಷಕ್ಕೆ ಸರಿಯಾಗಿ ಮತ್ತೊಮ್ಮೆ ಊದಿದರು. ನಡುವೆ ಯಾರೋ ಬಿಕ್ಕಳಿಸಿದರು, ಅಷ್ಟೇ.

ಪಾಠ ಮುಗಿದ ಮೇಲೆ ನಡೆಸಿದವರನ್ನು ಏಕಾಂತದಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳಬೇಕು. ಏಕಾಂತಕ್ಕೆ ಮೇಷ್ಟ್ರ ಹತ್ತಿರ ಇದ್ದದ್ದು ಬಾಲ್ ರೂಮು ಒಂದೇ. ಮೆಟ್ಟಿಲ ಕೆಳಗಿನ ಗೂಡು, ಬಲೆಯಲ್ಲಿ ತೂಗುವ ಚೆಂಡುಗಳು, ರಬ್ಬರಿನ ಮತ್ತು ಧೂಳಿನ ವಾಸನೆ, ಎರಡು ಮೋಟು ಸ್ಟೂಲು. ಅವರು ಕೈಪಂಪು ಕಾಲಡಿ ಒತ್ತಿಕೊಂಡು ಗಾಳಿ ಹೋದ ಚೆಂಡೊಂದನ್ನು ತೊಡೆಯ ಮೇಲಿಟ್ಟುಕೊಂಡರು. ಕೆಲಸ ಮಾಡ್ತಾ ಮಾತಾಡಿದ್ರೆ ಪರವಾಗಿಲ್ಲ ತಾನೇ ಎಂದು ಕೇಳಿದರು. ಅವಳು ಅಚ್ಚಾದ ಪ್ರಶ್ನೆಯನ್ನು ಓದಿದಳು: ಈ ಪಾಠ ನಡೆಸಲು ನಿಮಗಿರುವ ವಿಶ್ವಾಸವನ್ನು ಒಂದರಿಂದ ಐದರೊಳಗೆ ಸೂಚಿಸಿ. ತನ್ನ ದನಿ ತನಗೇ ಬ್ಯಾಂಕಿನ ಕೌಂಟರಿನಲ್ಲಿ ಕೂತವರದಂತೆ ಕೇಳಿಸಿತು. ಮೇಷ್ಟ್ರು ಪಂಪು ಒತ್ತುತ್ತ ಸೊನ್ನೆ ಇದೆಯಾ ಎಂದರು. ಇಲ್ಲ ಎಂದಳು. ಹಾಗಾದರೆ ಒಂದು ಹಾಕಿಕೊಳ್ಳಿ ಎಂದರು.

ಅಲ್ಲಿಗೆ ಅವಳ ಸಂಯಮ ಮುಗಿಯಿತು. ಪಟ್ಟಿ ಮಡಿಚಿ, ಒಂದು ಮಗುವಿನ ಮನಸ್ಸಿನ ಮಾತನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಲು ನಿಮಗೆ ಹೇಗೆ ಮನಸ್ಸು ಬಂತು ಎಂದು ಕೇಳಿಯೇಬಿಟ್ಟಳು. ಹಾಗೆ ಕೇಳುವ ಹಾಗಿರಲಿಲ್ಲ. ಆ ಪಾಠವನ್ನು ಬರೆದದ್ದು ನಾನು, ಅದು ಹುಟ್ಟಿದಾಗ ಆ ಕೋಣೆಯಲ್ಲಿ ನಾನಿದ್ದೆ ಎಂದೂ ಹೇಳಿಬಿಟ್ಟಳು. ಮೇಷ್ಟ್ರು ಪಂಪು ನಿಲ್ಲಿಸಿ ಅವಳನ್ನು ನೋಡಿದರು, ಫ್ಯಾನು ಆರಿಸಿದಾಗಿನಿಂದ ಮೊದಲ ಸಲ ಸರಿಯಾಗಿ ನೋಡಿದರು.

"ನೀವಾ" ಎಂದರು. ಆಮೇಲೆ ತೊಡೆಯ ಮೇಲಿನ ಚೆಂಡು ತಿರುಗಿಸುತ್ತ ಹೇಳಿದರು.

ಮೊದಲ ವರ್ಷ ಅವರು ಪಾಠವನ್ನು ಪುಸ್ತಕದಲ್ಲಿದ್ದಂತೆಯೇ ಮಾಡಿದ್ದರಂತೆ. ತನ್ನಂಥ ಓಡು, ಜಿಗಿ, ನಿಲ್ಲು ಅನ್ನುವ ಮನುಷ್ಯನ ಮುಂದೆ ಮಕ್ಕಳು ಬಾಯಿ ಬಿಡುವುದುಂಟೇ ಎಂದುಕೊಂಡಿದ್ದರು. ಒಬ್ಬ ಹುಡುಗ ಬಿಟ್ಟ. ಮನೆಯಲ್ಲಿ ನಡೆಯುವುದನ್ನೆಲ್ಲ ಇಡೀ ತರಗತಿಯ ಮುಂದೆ ಹೇಳಿಬಿಟ್ಟ, ನಿಲ್ಲಿಸು ಅನ್ನಲೂ ಆಗಲಿಲ್ಲ. ಮೂರು ನಿಮಿಷ ಮೌನ ಆಯಿತು, ಗಂಟೆ ಹೊಡೆಯಿತು, ಎಲ್ಲರೂ ಲೆಕ್ಕದ ಪೀರಿಯಡ್ಡಿಗೆ ಹೋದರು. ಮಾರನೇ ದಿನ ಹುಡುಗ ಬರಲಿಲ್ಲ. ಮತ್ತೆ ಒಂಬತ್ತು ದಿನ ಬರಲಿಲ್ಲ. ಮೇಷ್ಟ್ರು ಮನೆ ಹುಡುಕಿಕೊಂಡು ಹೋದರೆ, ಎಲ್ಲಾರ್ಗೂ ಗೊತ್ತಾಗೋಯ್ತಲ್ಲ ಸಾರ್, ಅಂದನಂತೆ. ಬಾಗಿಲು ಪೂರ್ತಿ ತೆಗೆಯದೆ ಅಂದನಂತೆ. ಕೈಪಿಡಿಯಲ್ಲಿ ಹತ್ತನೇ ಪಾಠ ತಂಡದಲ್ಲಿ ಕೆಲಸ ಮಾಡುವುದರ ಬಗ್ಗೆ ಇತ್ತು.

"ಬಾಯಿ ತೆಗೆಸೋದು ಹೇಗೇಂತ ಬರ್ದಿದೀರ ಮೇಡಂ. ತೆಗೆಸಿದ ಮೇಲೆ ಏನು ಮಾಡ್ಬೇಕು ಅಂತ ಮುಂದಿನ ಪುಟ ತಿರುಗಿಸಿದೆ. ಇರ್ಲಿಲ್ಲ."

ಹಾಗೆಂದು ಬಿಟ್ಟುಬಿಡಲೂ ಅವರಿಗೆ ಮನಸ್ಸಾಗಲಿಲ್ಲ. ಮಾರನೇ ವರ್ಷದಿಂದ ಮಾದರಿಯನ್ನೇ ಬಾಯಿಪಾಠ ಮಾಡಿಸಿದರು. ಎಲ್ಲರದೂ ಒಂದೇ ಅಣ್ಣ, ಒಂದೇ ಬಚ್ಚಲು. ಯಾರ ಮಾನವೂ ಹೋಗುವುದಿಲ್ಲ. ಆದರೆ ಬಾಯಿಪಾಠ ಒಪ್ಪಿಸುವಾಗ ಕೆಲವು ಮಕ್ಕಳು ಆ ಬಾಗಿಲಿನ ಸಾಲಿಗೆ ಬಂದು ತಪ್ಪುತ್ತಾರೆ. ಓದಿದ್ದು ಮರೆತು ತಪ್ಪುವುದು ಬೇರೆ, ಇದು ಬೇರೆ. ಓಟದಲ್ಲಿ ಸುಸ್ತಾಗಿ ನಿಲ್ಲುವವನಿಗೂ ಕಾಲು ನೋವಿಂದ ನಿಲ್ಲುವವನಿಗೂ ಇರುವಷ್ಟೇ ವ್ಯತ್ಯಾಸ, ಕಂಡವರಿಗೆ ಕಾಣುತ್ತದೆ. ಅಂಥವರ ಗುರುತು ಹಾಕಿಟ್ಟುಕೊಂಡು, ಮಾರನೇ ದಿನದಿಂದ ಸ್ಕೂಲು ಬಿಟ್ಟ ಮೇಲೆ ತಪ್ಪು ಹೇಳಿದ್ದಕ್ಕೆ ಶಿಕ್ಷೆ ಎಂದು ಬಾಲ್ ರೂಮಿಗೆ ಕರೆಯುತ್ತಾರೆ. ಚೆಂಡಿಗೆ ಗಾಳಿ ಹಾಕಿಸುತ್ತಾರೆ. ಹೇಳಿದರೆ ಹೇಳುತ್ತವೆ, ಇಲ್ಲದಿದ್ದರೆ ಇಲ್ಲ. ಕೆಲವಕ್ಕೆ ನಾಲ್ಕು ದಿನ ಬೇಕು, ಒಬ್ಬಳು ಇಡೀ ವರ್ಷ ಬರೀ ಗಾಳಿಯೇ ಹಾಕಿದಳು. ಈ ವರ್ಷ ಸದ್ಯಕ್ಕೆ ಇಬ್ಬರು. ಅವರು ಚೀಟಿ ತೋರಿಸಲಿಲ್ಲ, ಜೇಬಿನ ಮೇಲೆ ಕೈ ತಟ್ಟಿದರು.

ಅವಳು ಮಡಿಚಿದ ಪಟ್ಟಿಯನ್ನು ಬಿಚ್ಚಿದಳು. ಪಟ್ಟಿಯಲ್ಲಿ ಇದಕ್ಕೆ ಕಾಲಮ್ಮಿರಲಿಲ್ಲ ಎಂಬ ಯೋಚನೆ ಮೊದಲು ಬಂದದ್ದಕ್ಕೆ ಅಸಹ್ಯವಾಯಿತು. ಅದರ ಹಿಂದೆಯೇ ಬಂದದ್ದು ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚೇ, ಈ ಮೋಟು ಸ್ಟೂಲಿನ ಮೇಲೆ ಮಕ್ಕಳು ಬಂದು ಕೂರುತ್ತವೆ, ಈ ಮನುಷ್ಯನಿಗೆ ಹೇಳುತ್ತವೆ. ಅವಳು ಬರೆದಳು, ತಿದ್ದಿದಳು, ಅಳೆದಳು, ಹತ್ತೊಂಬತ್ತು ವರ್ಷ ಒಂದು ಮಧ್ಯಾಹ್ನವನ್ನು ಕಾಗದದ ಮೇಲೆ ಹಿಡಿದಿಟ್ಟುಕೊಂಡು ಶಾಲೆಯಿಂದ ಶಾಲೆಗೆ ಅಲೆದಳು. ಅದು ಇಲ್ಲಿ, ಮೆಟ್ಟಿಲ ಕೆಳಗೆ, ಅವಳ ಅಪ್ಪಣೆ ಕೇಳದೆ ನಡೆಯುತ್ತಿತ್ತು.

ಆಮೇಲೆ ಅವಳು ಕೇಳಬಾರದ್ದನ್ನು ಕೇಳಿದಳು. ಬಾಯಿಗೆ ಬರುವ ತನಕ ಅವಳಿಗೂ ಅದು ತಿಳಿದಿರಲಿಲ್ಲ. ಆ ತರಗತಿಗೆ ಕೊನೆಯ ಪೀರಿಯಡ್ಡು ಖಾಲಿ ಇದೆಯೆಂದು ಹೆಡ್‌ಮಿಸ್ ಹೇಳಿದ್ದರು. ಆ ಮಕ್ಕಳನ್ನು ಒಂದು ಹತ್ತು ನಿಮಿಷ ನನಗೆ ಕೊಡಿ, ಬಾಯಿಪಾಠ ಇಲ್ಲದೆ, ಪುಸ್ತಕವಿಲ್ಲದೆ, ಸುಮ್ಮನೆ ಅವರ ಮುಂದೆ ಕೂರುತ್ತೇನೆ, ಅಷ್ಟೇ. ದನಿಯಲ್ಲಿ ಬೇಡುವಂಥದೇನೋ ಬಂದುಬಿಟ್ಟಿತು. ಮೌಲ್ಯಮಾಪಕಿ ಹೀಗೆ ಕೇಳಿದ್ದು ಆಫೀಸಿಗೆ ತಿಳಿದರೆ ಏನಾಗುತ್ತದೆ ಎಂದು ಅವಳು ಯೋಚಿಸಲಿಲ್ಲ. ಮೇಷ್ಟ್ರು ಚೆಂಡನ್ನು ಒತ್ತಿ ನೋಡಿ, ಪಿನ್ನು ಕಿತ್ತು, ಬಲೆಗೆ ಹಾಕಿದರು.

"ಬೇಡ ಮೇಡಂ" ಎಂದರು. "ನೀವು ನಾಳೆ ಇರಲ್ಲ."

ಕೊಂಕಿರಲಿಲ್ಲ, ಕಠಿಣವೂ ಇರಲಿಲ್ಲ. ಆಕಾಶ ನೋಡಿ ಇವತ್ತು ಆಟ ಬೇಡ ಎಂದಂತೆ ಹೇಳಿದರು. ಅವಳು ಹೌದು ಎಂದಳು. ಪಟ್ಟಿಯನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಮೇಷ್ಟ್ರು, ಒಂಬತ್ತನೆಯದನ್ನು ತೆಗೆದುಬಿಡುತ್ತೀರಾ ಎಂದು ವಿಚಾರಿಸಿದರು. ನಿಯಮದ ಪ್ರಕಾರ ತೆಗೆಯಬೇಕು ಎಂದಳು. ತೆಗೆಯಿರಿ ಹಾಗಾದರೆ, ನನಗೇನು, ಬೇರೆ ಏನಾದರೂ ಬಾಯಿಪಾಠ ಮಾಡಿಸುತ್ತೇನೆ, ತಪ್ಪುವವರು ಅದರಲ್ಲೂ ತಪ್ಪುತ್ತಾರೆ ಎಂದು ಅವರು ಇನ್ನೊಂದು ಚೆಂಡಿಗೆ ಕೈ ಹಾಕಿದರು.

ಹೆಡ್‌ಮಿಸ್ ಕೋಣೆಯಲ್ಲಿ ದಾಖಲೆ ನೋಡಿ ಅವಳು ಹೊರಗೆ ಬರುವ ಹೊತ್ತಿಗೆ ಶಾಲೆ ಬಿಟ್ಟಿತ್ತು. ಅಂಗಳದಲ್ಲಿ ಮಕ್ಕಳು ಚೀಲ ಬೆನ್ನಿಗೆ ಬಡಿಯುತ್ತಿದ್ದಂತೆಯೇ ಗೇಟಿನ ಕಡೆಗೆ ಓಡುತ್ತಿದ್ದವು. ಅವಳನ್ನು ಕಂಬಕ್ಕೆ ಸುತ್ತು ಹಾಕಿದಂತೆ ಸುತ್ತಿಕೊಂಡು ಹೋಗುತ್ತಿದ್ದವು, ಒಂದಾದರೂ ಮುಖ ನೋಡದೆ. ನನ್ನನ್ನು ಇಲ್ಲವೆಂದೇ ಅಂದುಕೊಳ್ಳಿ ಎಂದು ಎಷ್ಟು ಶಾಲೆಗಳಲ್ಲಿ ಎಷ್ಟು ಸಲ ಹೇಳಿರಬಹುದು, ಮಾತು ಫಲಿಸಿತ್ತು. ವರದಿಯ ಮೊದಲ ವಾಕ್ಯ ಹೀಗಿರಬಹುದು ಎಂದು ಕಟ್ಟಿಕೊಳ್ಳುತ್ತ, ಅದು ಅಲ್ಲಲ್ಲೇ ಕಳಚಿಬೀಳುತ್ತ, ಅವಳು ಗೇಟು ಮುಟ್ಟುವ ಹೊತ್ತಿಗೆ ಹಿಂದಿನಿಂದ ಯಾರೋ ಮಿಸ್ ಎಂದರು.

ಮಿಸ್. ಎಷ್ಟು ವರ್ಷವಾಗಿತ್ತು ಹಾಗೆ ಕರೆಸಿಕೊಂಡು! ಆಫೀಸಿನಲ್ಲಿ ಮೇಡಂ, ಮನೆಯಲ್ಲಿ ಅಮ್ಮ. ತಿರುಗಿ ನೋಡಿದರೆ ಎರಡು ಜಡೆಯ ಹುಡುಗಿ, ಒಂದಕ್ಷರವೂ ತಪ್ಪದೆ ಒಪ್ಪಿಸಿದವಳು. ಪುಸ್ತಕದ ಆಫೀಸಿನವರು ನೀವೇನಾ ಎಂದು ಕೇಳಿದಳು. ಹೌದು ಎಂದಳು. ಚೆನ್ನಾಗಿ ಹೇಳಿದೆ ಎಂದು ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಕೇಳಿದಳು.

"ಆ ಅಣ್ಣ ಆಮೇಲೆ ವಾಪಸ್ ಬಂದ್ನಾ ಮಿಸ್?"

ಬಂದ ಎಂದುಬಿಡಬಹುದಿತ್ತು. ಪುಸ್ತಕದ ಮಾತು, ಯಾರು ಕೇಳುತ್ತಾರೆ. ಆದರೆ ಹುಡುಗಿಯ ಮುಖದಲ್ಲಿ ಒಪ್ಪಿಸುವಾಗಿನ ಬಿಗಿ ಇರಲಿಲ್ಲ. ಅವಳಿಗೆ ಉತ್ತರ ಬೇಕಿತ್ತು. ತರಗತಿಯಲ್ಲಿ ಇದರ ಬಗ್ಗೆ ಜಗಳವೇ ಆಗಿದೆಯಂತೆ. ಅರ್ಧ ಜನ ಬಂದ ಅನ್ನುತ್ತಾರೆ, ಅರ್ಧ ಜನ ಅದು ಬರೀ ಕಥೆ ಅನ್ನುತ್ತಾರೆ. ಕಥೆಯಲ್ಲ ಎಂದು ಅವಳು ಹುಡುಗಿಗೆ ಹೇಳಿದಳು. ನಿಜವಾಗಿಯೂ ಒಬ್ಬ ಹುಡುಗಿ ಇದ್ದಳು, ನಿನ್ನಷ್ಟೇ ಎತ್ತರ. ಅವಳಣ್ಣ ಬಂದನೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಬೇರೆ ಕಡೆ ಹೋದೆ, ಮತ್ತೆ ಹೋಗಿ ಕೇಳಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಇದನ್ನು ಒಬ್ಬರಿಗಾದರೂ ಹೇಳಿದ್ದು ಇದೇ ಮೊದಲು. ಹೇಳಿದ್ದು ಇಷ್ಟು ಚಿಕ್ಕದಾಗಿತ್ತೇ ಎಂದು ಆಶ್ಚರ್ಯವಾಯಿತು.

ಹುಡುಗಿ ಸುಮ್ಮನಾದಳು. ಚೀಲದ ಪಟ್ಟಿಯ ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು. ಅವಳೂ ಸುಮ್ಮನೆ ನಿಂತಳು. ಇಬ್ಬರ ಸುತ್ತಲೂ ಅಂಗಳದ ಗಲಾಟೆ ಕರಗುತ್ತ ಬಂತು. ಅವಳು ಗಡಿಯಾರ ನೋಡಲಿಲ್ಲ. ಏನು ಬರುತ್ತಿದೆಯೆಂದು ಮೈಗೆ ಮೊದಲೇ ತಿಳಿದುಹೋಗಿತ್ತು.

"ನಮ್ಮಮ್ಮ..." ಎಂದಳು ಹುಡುಗಿ, ನೆಲ ನೋಡುತ್ತ. "ನಮ್ಮಮ್ಮ ಹೋದ ತಿಂಗಳಿಂದ..."

ಇದು. ಇದೇ. ಬೆಂಚಿಲ್ಲ, ಪಟ್ಟಿಯಿಲ್ಲ, ಯಾರೂ ಕಲಿಸಿದ್ದಲ್ಲ. ಅವಳು ಒಂದು ಸಲ ತಲೆಯಾಡಿಸಿದರೆ ಸಾಕು, ಮುಂದಿನದು ತಾನಾಗಿ ಬರುತ್ತದೆ. ಬರಲಿ ಎಂದು ಅವಳ ಜೀವ ಬಾಯಿಗೆ ಬಂದು ನಿಂತಿತು. ಸಂಜೆಯ ಬಸ್ಸು ತಪ್ಪಿದರೆ ತಪ್ಪಲಿ, ಇಲ್ಲೇ ಗೇಟಿನ ಕಟ್ಟೆಯ ಮೇಲೆ ಕೂತು ಕೇಳುತ್ತೇನೆ, ಪೂರ್ತಿ ಕೇಳುತ್ತೇನೆ. ಕೇಳಿ? ಬಸ್ಸು ಹತ್ತುತ್ತೇನೆ. ನಾಳೆ ಈ ಹುಡುಗಿ ಈ ಗೇಟಿನೊಳಗೆ ಬರುವಾಗ, ಅವಳು ಹೇಳಿದ್ದು ಗೊತ್ತಿರುವ ಒಂದು ಜೀವವೂ ಈ ಶಾಲೆಯಲ್ಲಿ ಇರುವುದಿಲ್ಲ.

"ನನಗೆ ಹೇಳ್ಬೇಡ ಮಗೂ" ಎಂದಳು ಅವಳು.

ಹುಡುಗಿ ಥಟ್ಟನೆ ಮುಖವೆತ್ತಿದಳು. ಆ ಮುಖ ಮುಚ್ಚಿಕೊಂಡದ್ದನ್ನು ಅವಳು ಕಣ್ಣಾರೆ ನೋಡಿದಳು. ಬೆನ್ನ ಹಿಂದೆ ಕೈ ಕಟ್ಟಿಕೊಂಡಳು ಹುಡುಗಿ, ಒಪ್ಪಿಸುವಾಗಿನ ಹಾಗೆ. ಸಾರಿ ಮಿಸ್ ಎಂದಳು. ತಪ್ಪು ನಿನ್ನದಲ್ಲ ಎನ್ನಬೇಕಿತ್ತು, ಅದಕ್ಕೂ ಪುರಸೊತ್ತಿರಲಿಲ್ಲ, ಹುಡುಗಿ ಹೊರಟುಬಿಡುತ್ತಿದ್ದಳು. ಅವಳು ಬಗ್ಗಿ, ಜಡೆಯ ಮಟ್ಟಕ್ಕೆ ಬಂದು, ನಿಮ್ಮ ಸೀಟಿ ಸಾರ್ ಹತ್ತಿರ ಹೇಳು, ಅವರು ಬಾಲ್ ರೂಮಿನಲ್ಲೇ ಇದ್ದಾರೆ, ಈಗಲೇ ಹೋಗು ಎಂದಳು.

"ನಾನು ತಪ್ಪಲಿಲ್ವಲ್ಲ ಮಿಸ್" ಎಂದಳು ಹುಡುಗಿ. "ತಪ್ಪಿದವ್ರನ್ನ ಮಾತ್ರ ಸಾರ್ ಕರೆಯೋದು. ಅದಕ್ಕೇ ನಾನು ಚೆನ್ನಾಗಿ ಕಲ್ತ್ಕೊಂಡೆ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮೇಷ್ಟ್ರ ಚೀಟಿಯಲ್ಲಿ ಇಬ್ಬರು. ಮೂರನೆಯವಳು ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಮೊದಲು ಎದ್ದು ನಿಂತು, ಭೇಷ್ ಅನ್ನಿಸಿಕೊಂಡು ಕೂತಿದ್ದಳು.

"ತಪ್ಪಿದ್ದೆ ಅಂತ ಹೇಳು" ಎಂದಳು. "ಒಂದು ಸಾಲು ಬಿಟ್ಟುಬಿಟ್ಟೆ ಸಾರ್, ಅಂತ ಹೇಳು. ಅವರಿಗೆ ಗೊತ್ತಾಗುತ್ತೆ."

ಹುಡುಗಿ ನಂಬಲಿಲ್ಲ. ಅಂಗಳದ ಅರ್ಧ ದಾರಿಯ ತನಕ ಹೋಗಿ ನಿಂತುಕೊಂಡಳು. ಒಮ್ಮೆ ಗೇಟಿನ ಕಡೆಗೆ, ಒಮ್ಮೆ ಮೆಟ್ಟಿಲ ಕಡೆಗೆ ನೋಡಿದಳು. ಅವಳು ಗೇಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಹೋಗು, ಹೋಗು ಎಂದು ಬಾಯೊಳಗೇ ಅನ್ನುತ್ತಿದ್ದಳು. ಬೇಡ, ಇಲ್ಲಿಗೇ ಬಾ ಎಂದು ಒಳಗೊಂದು ಸಂಕಟ ಕೂಗುತ್ತಿತ್ತು. ಸೀಟಿ ಮೇಷ್ಟ್ರು ಚೆಂಡಿನ ಬಲೆ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದರು. ಹುಡುಗಿ ನಡೆದು ಅವರ ಮುಂದೆ ಹೋಗಿ ನಿಂತಳು, ಏನೋ ಹೇಳಿದಳು. ಮೇಷ್ಟ್ರು ಬಲೆಯನ್ನು ಕೆಳಗಿಟ್ಟರು. ಕೆಳಗಿನ ಮೆಟ್ಟಿಲ ಮೇಲೆ ಕೂತುಕೊಂಡು, ಪಂಪನ್ನು ಅವಳ ಕೈಗೆ ಕೊಟ್ಟರು. ಹುಡುಗಿ ಅವರ ಪಕ್ಕ ಕೂತಳು. ಸ್ವಲ್ಪ ಹೊತ್ತು ಅವಳ ಕೈ ಮೇಲೆ ಕೆಳಗೆ ಆಡುವುದಷ್ಟೇ ಕಂಡಿತು, ಆಮೇಲೆ ಕೈ ನಿಂತು ತುಟಿಗಳು ಅಲುಗಿದವು. ಗೇಟಿನಿಂದ ಅಷ್ಟು ದೂರಕ್ಕೆ ಒಂದು ಮಾತೂ ಕೇಳಿಸುವಂತಿರಲಿಲ್ಲ.